ಒಬ್ಬ ರಾಜನಿದ್ದನು: ಒತ್ತಕ್ಷರ ಕಲಿಕೆಯ ಚರಿತ್ರೆಯಲ್ಲಿ ಸಣ್ಣ ಕಥೆಯ ಪಾತ್ರ

೧

'ಒಂದು ಊರಿನಲ್ಲಿ ಒಬ್ಬ ರಾಜನಿದ್ದನು' ಎಂಬುದು ಕನ್ನಡದಲ್ಲಿ ಮಕ್ಕಳ ಕಥೆ ತೊಡಗುವ ರೂಢಿಯ ಕ್ರಮ. ನಾಲ್ಕು ಪದಗಳ ಈ ವಾಕ್ಯದಲ್ಲಿ ಮೂರು ಪದಗಳು ಒತ್ತಕ್ಷರವುಳ್ಳವು: ಊರಿನಲ್ಲಿ, ಒಬ್ಬ, ರಾಜನಿದ್ದನು. ಇದೇ ವಾಕ್ಯವನ್ನು ನೆರೆಯ ಭಾಷೆಗಳಲ್ಲಿಟ್ಟು ನೋಡಬಹುದು. ಮರಾಠಿಯಲ್ಲಿ 'ಏಕಾ ಗಾವಾತ ಏಕ ರಾಜಾ ಹೋತಾ' ಎನ್ನುತ್ತಾರೆ; ಹಿಂದಿಯಲ್ಲಿ 'ಏಕ ಗಾಂವ ಮೇಂ ಏಕ ರಾಜಾ ಥಾ' ಎನ್ನುತ್ತಾರೆ; ತೆಲುಗಿನಲ್ಲಿ 'ಒಕ ಊರಿಲೋ ಒಕ ರಾಜು ಉಂಡೇವಾಡು' ಎನ್ನುತ್ತಾರೆ. ಆಯಾ ಲಿಪಿಯಲ್ಲಿ ಬರೆದಾಗ ಈ ಮೂರರಲ್ಲಿ ಒಂದಾದರೂ ಸಂಯುಕ್ತಾಕ್ಷರವಿಲ್ಲ. ತಮಿಳಿನ 'ಒರು ಊರಿಲ್ ಒರು ರಾಜಾ ಇರುಂದಾರ್' ಎಂಬಲ್ಲಿ ವ್ಯಂಜನಗಳು ಕೂಡಿದರೂ ಒಂದರ ಕೆಳಗೊಂದು ಕೂಡುವುದಿಲ್ಲ. ಮೇಲೆ ಪುಳ್ಳಿಯನ್ನು ಹೊತ್ತು ಸಾಲಾಗಿ ನಿಲ್ಲುತ್ತವೆ.

ಮೇಲುನೋಟಕ್ಕೆ ಇದು ಸಣ್ಣ ಸಂಗತಿ. ಆದರೆ ಇದರ ಫಲಿತಾರ್ಥ ಸಣ್ಣದಲ್ಲ. ಮರಾಠಿಯಲ್ಲಿ ಹೊಸದಾಗಿ ಓದಲು ಕಲಿಯುವ ಮಕ್ಕಳಿಗಾಗಿ 'ಜೋಡಾಕ್ಷರವಿರಹಿತ' ಕಥೆಗಳೆಂಬ ಒಂದು ಬಗೆಯೇ ಬೆಳೆದಿದೆ. ಮಗು ಬಾರಾಖಡಿಯನ್ನು ಮುಗಿಸಿದ ಮರುದಿನವೇ ಅದರ ಕೈಯಲ್ಲಿ ಪೂರ್ಣವಾದ, ಸಹಜವಾದ ಕಥೆಯೊಂದನ್ನು ಇಡುವುದು ಅಲ್ಲಿ ಸಾಧ್ಯ. ಕನ್ನಡದಲ್ಲಿ ಕಾಗುಣಿತವನ್ನು ಮುಗಿಸಿ ಒತ್ತಕ್ಷರವನ್ನು ಇನ್ನೂ ಕಲಿಯದ ಮಗು ಕಥೆಯ ಮೊದಲ ವಾಕ್ಯವನ್ನೂ ಓದಲಾರದು. ಸಪ್ತಮಿಯ 'ಅಲ್ಲಿ', ವರ್ತಮಾನದ 'ಉತ್ತ', ನಿಷೇಧದ 'ಇಲ್ಲ', ಭೂತಕಾಲದ 'ಇದ್ದ, ಎದ್ದ, ಬಿದ್ದ, ಸತ್ತ, ಅತ್ತ, ನಕ್ಕ' ಇವುಗಳನ್ನು ಬಿಟ್ಟು ಕನ್ನಡದಲ್ಲಿ ಕಥೆಯನ್ನು ಹೇಳಲು ಬರುವುದಿಲ್ಲ. ಒತ್ತಕ್ಷರವು ಇಲ್ಲಿ ಲಿಪಿಯ ಕೊನೆಯ ಪಾಠವಾಗಿರದೆ ಕಥನದ ವ್ಯಾಕರಣವೇ ಆಗಿದೆ.

ಹೀಗಿದ್ದರೂ ನಮ್ಮ ಬೋಧನಕ್ರಮವು ಬಹುಕಾಲ ಒತ್ತಕ್ಷರವನ್ನು ಕೋಷ್ಟಕದಿಂದಲೂ ಕಥೆಯನ್ನು ನೀತಿಗಾಗಿಯೂ ಕಲಿಸಿತು. ಇವೆರಡೂ ಬೇರೆಯಾದದ್ದು ಹೇಗೆ, ಮತ್ತೆ ಕೂಡಿದ್ದು ಎಲ್ಲಿ, ಹೊರನಾಡಿನ ಕನ್ನಡದ ಮಕ್ಕಳಿಗೆ ಈ ಚರಿತ್ರೆಯಿಂದ ಆಗಬಹುದಾದ ಪ್ರಯೋಜನವೇನು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅದೇ ವ್ಯಂಜನಕ್ಕೆ ಅದೇ ವ್ಯಂಜನದ ಒತ್ತು ಬಂದಾಗ ಸಜಾತೀಯವೆಂದೂ (ಅಕ್ಕ, ಹಳ್ಳಿ), ಬೇರೆ ವ್ಯಂಜನದ ಒತ್ತು ಬಂದಾಗ ವಿಜಾತೀಯವೆಂದೂ (ಶಕ್ತಿ, ಪ್ರಾಣ) ಕರೆಯುವ ರೂಢಿಯ ಪರಿಭಾಷೆಯನ್ನೇ ಇಲ್ಲಿ ಬಳಸಲಾಗಿದೆ.

೨

ವ್ಯಂಜನದ ಕೆಳಗೆ ವ್ಯಂಜನವನ್ನು ಬರೆಯುವ ಪದ್ಧತಿಯು ಕನ್ನಡಕ್ಕೆ ಬ್ರಾಹ್ಮಿಯಿಂದ ಬಂದ ಬಳುವಳಿ. ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನಗಳ ಕಾಲದ ಬ್ರಾಹ್ಮಿಯಲ್ಲಿಯೇ ಇದು ಕಾಣುತ್ತದೆ. ಆದರೆ ಪ್ರಾಕೃತದಲ್ಲಿ ಉಚ್ಚಾರವಾಗುತ್ತಿದ್ದ ದ್ವಿತ್ವವನ್ನು ಆ ಲಿಪಿಕಾರರು ಸಾಮಾನ್ಯವಾಗಿ ಒಂದೇ ಅಕ್ಷರದಿಂದ ಬರೆದುಬಿಡುತ್ತಿದ್ದರು. ಎರಡು ಬೇರೆ ವ್ಯಂಜನಗಳು ಕೂಡಿದರೆ ಬರೆಯಬೇಕು, ಒಂದೇ ವ್ಯಂಜನ ಇಮ್ಮಡಿಸಿದರೆ ಓದುವವನ ಕಿವಿಗೆ ಬಿಡಬಹುದು ಎಂಬುದು ಅಲ್ಲಿಯ ಧೋರಣೆಯಂತಿದೆ. ಕನ್ನಡಕ್ಕೆ ಈ ಸೌಲಭ್ಯವಿರಲಿಲ್ಲ. ಬಳಿ ಬೇರೆ, ಬಳ್ಳಿ ಬೇರೆ. ಎಲೆ ಬೇರೆ, ಎಲ್ಲೆ ಬೇರೆ. ಕತೆ ಬೇರೆ, ಕತ್ತೆ ಬೇರೆ. ಒತ್ತು ಬಿದ್ದರೆ ಅರ್ಥವೇ ಬದಲಾಗುವ ಭಾಷೆಯಿದು. ಐದನೆಯ ಶತಮಾನದ ಹಲ್ಮಿಡಿ ಶಾಸನದಲ್ಲಿ 'ಕೊಟ್ಟಾರ್' ಎಂಬ ಕ್ರಿಯಾಪದವು ದ್ವಿತ್ವಸಹಿತವಾಗಿಯೇ ಕೆತ್ತಲ್ಪಟ್ಟಿರುವುದನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು.

ಹಳಗನ್ನಡದ ಲಾಕ್ಷಣಿಕ ಪರಂಪರೆಯಲ್ಲಿ ಇಮ್ಮಡಿಸಿದ ಅಕ್ಷರಕ್ಕೆ 'ದಡ್ಡಕ್ಕರ' ಎಂಬ ಹೆಸರುಂಟು. ಆ ಹೆಸರಿನಲ್ಲಿಯೇ ಎರಡು ದ್ವಿತ್ವಗಳಿವೆ. 'ಅಕ್ಷರ' ಎಂಬ ವಿಜಾತೀಯವು 'ಅಕ್ಕರ' ಎಂಬ ಸಜಾತೀಯವಾಗಿದೆ. ಕನ್ನಡದ ಶ್ರುತಿಯು ಯಾವ ಕಡೆಗೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ ನಿದರ್ಶನ ದೊರೆಯದು. ಕ್ರಿ.ಶ. ೧೨೬೦ರ ಸುಮಾರಿನಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದ ಅಪಭ್ರಂಶ ಪ್ರಕರಣದಲ್ಲಿ ತದ್ಭವಗಳನ್ನು ವಿಂಗಡಿಸಿದಾಗ ಅವನ ಕೈಗೆ ಸಿಕ್ಕ ಸಾಮಗ್ರಿಯಲ್ಲಿ ಬಹುಭಾಗವು ಸಂಯುಕ್ತಾಕ್ಷರಗಳ ಚರಿತ್ರೆಯೇ ಆಗಿದೆ. ಕನ್ನಡವು ಸಂಸ್ಕೃತದ ವಿಜಾತೀಯಗಳನ್ನು ಮೂರು ಬಗೆಯಲ್ಲಿ ಪಳಗಿಸಿಕೊಂಡಿತು. ಕೆಲವೆಡೆ ಎರಡರಲ್ಲಿ ಒಂದನ್ನು ಬಿಟ್ಟಿತು: ಸ್ನೇಹವು ನೇಹವಾಯಿತು, ಸ್ಥಾನವು ತಾಣವಾಯಿತು, ಸ್ಕಂಭವು ಕಂಬವಾಯಿತು. ಕೆಲವೆಡೆ ನಡುವೆ ಸ್ವರವನ್ನಿಟ್ಟು ಬಿಡಿಸಿತು: ಶ್ರೀ ಎಂಬುದು ಸಿರಿಯಾಯಿತು, ಭಕ್ತಿಯು ಬಕುತಿಯಾಯಿತು, ವರ್ಷವು ವರುಷವಾಯಿತು. ಉಳಿದೆಡೆ ಎರಡನ್ನೂ ಒಂದೇ ಮಾಡಿಕೊಂಡಿತು: ಕಾರ್ಯವು ಕಜ್ಜವಾಯಿತು, ವಿದ್ಯೆಯು ಬಿಜ್ಜೆಯಾಯಿತು, ಆಶ್ಚರ್ಯವು ಅಚ್ಚರಿಯಾಯಿತು.

ಮೂರನೆಯ ಬಗೆಯ ಪದಗಳಲ್ಲಿ ಅನೇಕವು ಪ್ರಾಕೃತದ ಮೂಲಕ ಬಂದವು. ಉತ್ತರದ ಭಾಷೆಗಳೂ ಇದೇ ಪ್ರಾಕೃತದ ದ್ವಿತ್ವಗಳನ್ನು ಪಡೆದಿದ್ದವು. ಆದರೆ ಮುಂದೆ ಅವು ದ್ವಿತ್ವವನ್ನು ಸಡಿಲಿಸಿ ಹಿಂದಿನ ಸ್ವರವನ್ನು ದೀರ್ಘ ಮಾಡಿಕೊಂಡವು. ಕನ್ನಡದ ಕಜ್ಜಕ್ಕೆ ಹಿಂದಿಯಲ್ಲಿ 'ಕಾಜ' ಇದೆ, ಅಗ್ಗಿಗೆ 'ಆಗ' ಇದೆ. ನಮ್ಮ ಅಜ್ಜಿಯನ್ನು ಮರಾಠಿಯ ಮಗು 'ಆಜೀ' ಎನ್ನುತ್ತದೆ. ಮರಾಠಿ, ಹಿಂದಿಗಳ ಕಥಾರಂಭದ ವಾಕ್ಯವು ಜೋಡಾಕ್ಷರಮುಕ್ತವಾಗಿರುವುದರ ಹಿಂದೆ ಈ ಚಾರಿತ್ರಿಕ ಕಾರಣವಿದೆ. ಉತ್ತರದವರು ಸಡಿಲಿಸಿದ್ದನ್ನು ಕನ್ನಡವು ಬಿಗಿಹಿಡಿಯಿತು.

ಬಿಗಿಹಿಡಿದದ್ದು ಮಾತ್ರವಲ್ಲ, ತನ್ನ ಸ್ವಂತ ಪದಗಳಲ್ಲಿ ಹೆಚ್ಚಿಸಿಕೊಂಡಿತು. ಹಳಗನ್ನಡದ ದೇಶ್ಯಪದಗಳಲ್ಲಿ ವಿಜಾತೀಯ ಸಂಯೋಗಗಳು ವಿರಳವಾಗಿರಲಿಲ್ಲ: ಒರ್ಬಂ, ಇರ್ದಂ, ಗೆಲ್ದಂ, ಎೞ್ದು, ಬಿೞ್ದು, ಕೞ್ತೆ, ಕೞ್ತಲೆ. ಇವುಗಳಲ್ಲಿ ರ, ಲ, ೞ ಮುಂತಾದುವು ಮುಂದಿನ ವ್ಯಂಜನದಲ್ಲಿ ಸೇರಿಹೋಗಿ ನಡುಗನ್ನಡದ ಹೊತ್ತಿಗೆ ಒಬ್ಬ, ಇದ್ದ, ಗೆದ್ದ, ಎದ್ದು, ಬಿದ್ದು, ಕತ್ತೆ, ಕತ್ತಲೆಗಳು ನೆಲೆಗೊಂಡವು. ನಮ್ಮ ಕಥಾರಂಭದ ವಾಕ್ಯವನ್ನು ಹಳಗನ್ನಡಕ್ಕೆ ತಿರುಗಿಸಿದರೆ 'ಒರ್ಬಂ', 'ಇರ್ದಂ' ಎಂಬ ವಿಜಾತೀಯಗಳು ಬರುತ್ತವೆ. ಹೊಸಗನ್ನಡದ ಮಗು ಆ ಎರಡನ್ನೂ ಸಜಾತೀಯಗಳಾಗಿಯೇ ಕೇಳುತ್ತ ಬೆಳೆಯುತ್ತದೆ. ಕೆಲವು ವಿಜಾತೀಯಗಳನ್ನು ನಾಲಗೆಯು ತೇಲಿಸಿ ಉಚ್ಚರಿಸುವುದರಿಂದ ಹಿಂದಿನ ಅಕ್ಷರವು ಗುರುವಾಗದೆ ಉಳಿಯುತ್ತದೆ ಎಂಬುದನ್ನು ಲಾಕ್ಷಣಿಕರು 'ಶಿಥಿಲದ್ವಿತ್ವ'ವೆಂದು ಗುರುತಿಸಿದ್ದರು. ಬರಹದಲ್ಲಿ ಒತ್ತಕ್ಷರವಿದ್ದರೂ ಕಿವಿಯಲ್ಲಿ ಅದಕ್ಕೆ ಬೇರೆ ತೂಕವಿರಬಹುದೆಂದು ಅವರು ಅರಿತಿದ್ದರು. ಷಟ್ಪದಿ, ಸಾಂಗತ್ಯ, ಕೀರ್ತನೆಗಳ ಕವಿಗಳು ಬಕುತಿ, ಮುಕುತಿ, ಜನುಮ, ರತುನಗಳನ್ನು ಧಾರಾಳವಾಗಿ ಬಳಸಿದ್ದೂ ಕಿವಿಯ ಪ್ರಮಾಣದಿಂದಲೇ.

ಈ ಚರಿತ್ರೆಯಿಂದ ಸ್ಪಷ್ಟವಾಗುವುದಿಷ್ಟು. ಸಜಾತೀಯವು ಕನ್ನಡದ ಕಿವಿಗೆ ಹುಟ್ಟಿನಿಂದ ಬಂದದ್ದು; ವಿಜಾತೀಯವು ಬಹುಮಟ್ಟಿಗೆ ವಿದ್ಯೆಯಿಂದ ಬಂದದ್ದು. 'ಸ್ಕೂಲು' ಎನ್ನಲಾಗದೆ 'ಇಸ್ಕೂಲು' ಎನ್ನುವ ಮಗು ತಪ್ಪು ಮಾಡುತ್ತಿಲ್ಲ. ಭಾಷೆಯು ಶತಮಾನಗಳ ಕಾಲ ಮಾಡಿಕೊಂಡು ಬಂದ ಕೆಲಸವನ್ನು ತನ್ನ ಮಟ್ಟಿಗೆ ಮುಂದುವರಿಸುತ್ತಿದೆ.

೩

ಅಕ್ಷರಾಭ್ಯಾಸದ ಹಳೆಯ ಕ್ರಮವನ್ನು ಕುರಿತು ನಮಗೆ ದೊರೆಯುವ ಕಣ್ಣಾರೆ ಕಂಡ ವಿವರಗಳು ಹೆಚ್ಚಿಲ್ಲ. ಇರುವವುಗಳಲ್ಲಿ ಎರಡು ಮುಖ್ಯವಾದವು.

ಮೊದಲನೆಯದು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯದು. ೧೬೨೩ರ ನವೆಂಬರಿನಲ್ಲಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋಗುವ ದಾರಿಯಲ್ಲಿ, ಘಟ್ಟದ ಮೇಲಿನ ದೇವಾಲಯವೊಂದರ ಜಗಲಿಯಲ್ಲಿ ಕೆಲವು ಬಾಲಕರು ಲೆಕ್ಕವನ್ನು ಕಲಿಯುತ್ತಿದ್ದುದನ್ನು ಅವನು ಕಂಡನು. ನೆಲದ ಮೇಲೆ ಹರಡಿದ ಸಣ್ಣ ಮರಳಿನಲ್ಲಿ ಬೆರಳಿನಿಂದ ಬರೆಯುತ್ತ, ಬರೆದುದನ್ನೇ ರಾಗವಾಗಿ ಹಾಡುತ್ತ, ಮರಳು ತುಂಬಿದಾಗ ಅಳಿಸಿ ಮತ್ತೆ ಹರಡುತ್ತ ಅವರು ಪಾಠವನ್ನು ಸಾಗಿಸುತ್ತಿದ್ದರು. ಓದುಬರಹವನ್ನೂ ಹೀಗೆಯೇ ಕಲಿಯುವೆವೆಂದು ಅವನಿಗೆ ತಿಳಿಸಿದರು. ಕೈ, ಕಣ್ಣು, ಕಂಠ ಮೂರೂ ಒಂದೇ ಕ್ಷಣದಲ್ಲಿ ಒಂದೇ ಅಕ್ಷರದ ಮೇಲೆ ಕೂಡುವ ಕ್ರಮವಿದು.

ಎರಡನೆಯದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟಿನಲ್ಲಿ ಮದರಾಸು ಸರ್ಕಾರಕ್ಕೆ ಬರೆದ ವರದಿ. ಆ ಜಿಲ್ಲೆಯಲ್ಲಿ ಆಗ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೬,೬೪೧ ವಿದ್ಯಾರ್ಥಿಗಳಿದ್ದರು. ೨೩೫ ಶಾಲೆಗಳು ಕನ್ನಡದವು, ೨೨೬ ತೆಲುಗಿನವು. ಹೆಚ್ಚು ಕಡಿಮೆ ಒಂದೇ ಬಗೆಯ ಒತ್ತಕ್ಷರ ಪದ್ಧತಿಯುಳ್ಳ ಎರಡು ಲಿಪಿಗಳನ್ನು ಒಂದೇ ಜಿಲ್ಲೆಯಲ್ಲಿ ಸರಿಸಮನಾಗಿ ಕಲಿಸುತ್ತಿದ್ದರೆಂಬುದು ಗಮನಾರ್ಹ. ಕ್ಯಾಂಪ್‌ಬೆಲ್ ಕೊಡುವ ಕಲಿಕೆಯ ಕ್ರಮ ಹೀಗಿದೆ: ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳು, ಆಮೇಲೆ ವ್ಯಂಜನಕ್ಕೆ ಸ್ವರಚಿಹ್ನೆಯನ್ನು ಕೂಡಿಸುವುದು ಮತ್ತು ಅಕ್ಷರಸಂಯೋಗಗಳು, ಅನಂತರ ಜನರ, ಊರುಗಳ, ಪ್ರಾಣಿಗಳ ಹೆಸರುಗಳು, ಕೊನೆಗೆ ಲೆಕ್ಕದ ಚಿಹ್ನೆಗಳು. ಬರೆಯಲು ಓಲೆ, ಕಂಟ, ಕಡತಗಳಿದ್ದವು. ಇದ್ದಿಲಿನ ಲೇಪದ ಮಡಿಕೆಬಟ್ಟೆಯಾದ ಕಡತದ ಮೇಲೆ ಬಳಪದಿಂದ ಬರೆದು ಒರಸಬಹುದಾಗಿತ್ತು.

ಹೆಸರುಗಳ ಈ ಘಟ್ಟವನ್ನು ಚರಿತ್ರೆಕಾರರು ಅಷ್ಟಾಗಿ ಲಕ್ಷಿಸಿಲ್ಲ. ಕನ್ನಡ ನಾಡಿನಲ್ಲಿ ಜನರ, ಊರುಗಳ, ಪ್ರಾಣಿಗಳ ಹೆಸರುಗಳನ್ನು ಬರೆಯಹೊರಟರೆ ಎಲ್ಲಪ್ಪ, ಹನುಮಕ್ಕ, ಬಸಮ್ಮ, ಬಳ್ಳಾರಿ, ಹಳ್ಳಿ, ಎತ್ತು, ಎಮ್ಮೆ, ಬೆಕ್ಕು, ಹಕ್ಕಿ ಎಂದು ಮಗು ಸಜಾತೀಯಗಳ ನಡುವೆಯೇ ಓಡಾಡಬೇಕಾಗುತ್ತದೆ. ಅಪ್ಪ, ಅಮ್ಮ, ಅಣ್ಣ, ಅಕ್ಕ, ಅಜ್ಜ, ಅಜ್ಜಿ, ಅತ್ತೆ ಎಂಬ ಮನೆಯ ಬಳಗದಲ್ಲಿ ಒತ್ತಕ್ಷರವಿಲ್ಲದ ನೆಂಟರು ಕಡಿಮೆ. ಕೂಲಿಮಠದ ಅಯ್ಯನವರು ಯಾವ ಸಿದ್ಧಾಂತವನ್ನೂ ಹೇಳದೆ, ಕಿವಿಗೆ ಗೊತ್ತಿದ್ದ ಪದದ ಮೂಲಕ ಒತ್ತಕ್ಷರವನ್ನು ಕಣ್ಣಿಗೆ ಪರಿಚಯಿಸುತ್ತಿದ್ದರು.

ಮುಂದಿನ ಹೆಜ್ಜೆಯಲ್ಲಿ ದಾರಿ ಕಡಿದುಹೋಗುತ್ತಿತ್ತು. ಹೆಸರುಗಳಾದ ಮೇಲೆ ಓದಲು ಸಿಗುತ್ತಿದ್ದುದು ಕಾವ್ಯ. ಕ್ಯಾಂಪ್‌ಬೆಲ್ಲನ ಪಟ್ಟಿಯಲ್ಲಿ ಗಿರಿಜಾಕಲ್ಯಾಣ, ಚೆನ್ನಬಸವ ಪುರಾಣ, ರಾಘವಾಂಕನ ಕಾವ್ಯಗಳಿವೆ. ಹಗುರವಾದ ಓದಿಗೆಂದು ಪಂಚತಂತ್ರ, ಬೇತಾಳ ಪಂಚವಿಂಶತಿಗಳೂ ಇವೆ. ಆಡುಮಾತಿಗಿಂತ ಬೇರೆಯಾದ ಭಾಷೆಯ ಪದ್ಯಗಳನ್ನು ಬಾಲಕರು ಅರ್ಥವರಿಯದೆ ಗಿಳಿಪಾಠ ಮಾಡುತ್ತಾರೆಂದು ಅವನು ದೂರಿದ್ದಾನೆ. ಈ ದೂರಿನಲ್ಲಿ ಅಧಿಕಾರಿಯ ಪೂರ್ವಗ್ರಹವೂ ಸ್ವಲ್ಪ ಇದೆ. ಕಂಠಪಾಠದಿಂದ ಕಿವಿಯು ಪಡೆಯುವ ಸಂಸ್ಕಾರವನ್ನು ಅವನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆದರೂ ಎಮ್ಮೆ, ಬೆಕ್ಕುಗಳಿಂದ ಒಮ್ಮೆಗೇ ಗಿರಿಜಾಕಲ್ಯಾಣಕ್ಕೆ ನೆಗೆಯಬೇಕಾದ ಮಗುವಿಗೆ ನಡುವೆ ಒಂದು ಮೆಟ್ಟಿಲಿರಲಿಲ್ಲವೆಂಬುದು ನಿಜ. ದುರ್ಗಸಿಂಹನ ಹನ್ನೊಂದನೆಯ ಶತಮಾನದ ಪಂಚತಂತ್ರಕ್ಕೆ ಓದಿನಲ್ಲಿ ಆಸಕ್ತಿಯಿಲ್ಲದ ರಾಜಕುಮಾರರಿಗೆ ಕಥೆಯಿಂದ ಕಲಿಸುವ ಪ್ರಸಂಗವೇ ಚೌಕಟ್ಟು. ಆದರೆ ಆ ಕಥೆಯನ್ನು ಹೊತ್ತ ಚಂಪೂ ಭಾಷೆಯು ಬಾಲಕರ ಕೈಗೆ ಎಟಕುವಂಥದಾಗಿರಲಿಲ್ಲ.

೪

ಅಚ್ಚಿನ ಯುಗವು ಈ ಅಂತರವನ್ನು ಮೊದಮೊದಲು ಹೆಚ್ಚಿಸಿತೆಂದೇ ಹೇಳಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣವು ೧೮೧೭ರಲ್ಲಿ ಸೀರಾಂಪುರದಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ಒತ್ತಕ್ಷರವೆಂಬುದು ಬೇರೆಯೇ ಮೊಳೆ. ಮೇಲಿನ ಅಕ್ಷರಕ್ಕೆ ಒಂದು, ಕೆಳಗಿನ ಒತ್ತಿಗೆ ಇನ್ನೊಂದು. ಮೊಳೆಗಳ ಪೆಟ್ಟಿಗೆಯಲ್ಲಿ ಒಪ್ಪವಾಗಿ ಜೋಡಿಸಿಟ್ಟದ್ದನ್ನು ಪುಟದಲ್ಲಿಯೂ ಒಪ್ಪವಾಗಿ ಜೋಡಿಸುವುದು ಸಹಜವಾಯಿತು. ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಎಂಬ ಮೂರು ಕೋಷ್ಟಕಗಳು ಬಾಲಬೋಧೆಯ ಮೊದಲ ಪುಟಗಳನ್ನು ಆಕ್ರಮಿಸಿದವು. ಕ ವರ್ಗದಿಂದ ತೊಡಗಿ ಕ್ಕ, ಖ್ಖ, ಗ್ಗ, ಘ್ಘ, ಙ್ಙ ಎಂದು ಸಾಗುವ ಕೋಷ್ಟಕವನ್ನು ಇಂದಿಗೂ ಗೋಡೆಯ ಪಟಗಳಲ್ಲಿ ನೋಡಬಹುದು. ಖ್ಖ, ಘ್ಘ, ಙ್ಙಗಳನ್ನು ಬಳಸಿ ಮಗು ಬರೆಯಬಹುದಾದ ಕನ್ನಡ ಪದವೊಂದೂ ಇಲ್ಲ. ಕಜ್ಜಾಯ, ಬೆಲ್ಲ, ಹಣ್ಣುಗಳ ಒತ್ತುಗಳಿಗೂ ಇವುಗಳಿಗೂ ಕೋಷ್ಟಕದಲ್ಲಿ ಒಂದೇ ಸ್ಥಾನ.

ಇದೇ ಕಾಲದಲ್ಲಿ ಕಥೆಯು ಪಠ್ಯಪುಸ್ತಕವನ್ನು ಪ್ರವೇಶಿಸಿತು. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಡೆಪ್ಯುಟಿ ಚೆನ್ನಬಸಪ್ಪ, ಗಂಗಾಧರ ಮಡಿವಾಳೇಶ್ವರ ತುರಮರಿ, ವೆಂಕಟ ರಂಗೋ ಕಟ್ಟಿ ಮೊದಲಾದವರು ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡದ ಶಾಲೆಗೂ ಶಾಲೆಯ ಪುಸ್ತಕಕ್ಕೂ ನೆಲೆಯನ್ನು ಒದಗಿಸಿದರು. ಮೈಸೂರಿನಲ್ಲಿ ಎಂ. ಎಸ್. ಪುಟ್ಟಣ್ಣನವರ 'ನೀತಿಚಿಂತಾಮಣಿ'ಯಂಥ ಕಥಾಸಂಗ್ರಹಗಳು ಬಂದವು. ಇವರ ಋಣ ದೊಡ್ಡದು. ಆದರೆ ಅಂದಿನ ಕಲ್ಪನೆಯಲ್ಲಿ ಕಥೆಯು ಓದಲು ಬಲ್ಲ ಮಗುವಿಗೆ ನೀತಿಯನ್ನು ಹೇಳುವ ಸಾಧನವಾಗಿತ್ತು. ಓದಲು ಬಾರದ ಮಗುವಿಗೆ ಓದನ್ನು ಕಲಿಸುವ ಸಾಧನವಾಗಿರಲಿಲ್ಲ. ಮೊದಲು ಕೋಷ್ಟಕ, ಆಮೇಲೆ ಕಥೆ ಎಂಬ ಕ್ರಮವು ಗಟ್ಟಿಯಾಯಿತು. ನಡುವಿನ ತಿಂಗಳುಗಳಲ್ಲಿ ಒತ್ತಕ್ಷರವನ್ನು ತಪ್ಪಿಸಲು ಪಾಠಗಳು 'ಸರಳಾ ಬಾ, ಸರ ನೋಡು, ಮರ ಏರು' ಎಂಬ ಬಗೆಯ ಆಜ್ಞಾವಾಕ್ಯಗಳಲ್ಲಿಯೇ ಸುತ್ತಿದವು. ಆಜ್ಞಾರ್ಥವನ್ನು ಬಿಟ್ಟು ವರ್ತಮಾನಕ್ಕೆ ಬಂದರೆ 'ಉತ್ತ' ಅಡ್ಡಬರುತ್ತದೆ. ನಿಷೇಧಕ್ಕೆ ಹೋದರೆ 'ಇಲ್ಲ' ಅಡ್ಡಬರುತ್ತದೆ. ಯಾರೂ ಯಾರೊಡನೆಯೂ ಹಾಗೆ ಮಾತನಾಡದ ಕನ್ನಡವೊಂದು ಬಾಲಬೋಧೆಯಲ್ಲಿ ಹುಟ್ಟಿಕೊಂಡದ್ದು ಹೀಗೆ.

೫

ಕೋಷ್ಟಕವನ್ನೂ ಕಥೆಯನ್ನೂ ಮತ್ತೆ ಹತ್ತಿರ ತಂದವರಲ್ಲಿ ಪಂಜೆ ಮಂಗೇಶರಾಯರು (೧೮೭೪–೧೯೩೭) ಮುಖ್ಯರು. ಅವರು ಶಿಕ್ಷಕರಾಗಿ, ಶಾಲಾ ತನಿಖಾಧಿಕಾರಿಯಾಗಿ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿ ತರಗತಿಯನ್ನು ಒಳಗಿನಿಂದ ಬಲ್ಲವರು. ೧೯೨೧ರ ಬಾಲಸಾಹಿತ್ಯ ಮಂಡಲದ ಹಿಂದಿನ ಪ್ರೇರಣೆಯೂ ಅವರದೇ. ಅವರನ್ನು ಮಕ್ಕಳ ಸಾಹಿತ್ಯದ ಹಾಗೂ ಕನ್ನಡ ಸಣ್ಣಕಥೆಯ ಪ್ರವರ್ತಕರೆಂದು ಸಾಹಿತ್ಯ ಚರಿತ್ರೆಯು ಗುರುತಿಸಿದೆ. ಅಕ್ಷರಬೋಧನೆಯ ಚರಿತ್ರೆಯಲ್ಲಿ ಅವರ ಸ್ಥಾನವನ್ನು ಪ್ರತ್ಯೇಕವಾಗಿ ಚರ್ಚಿಸಬೇಕಾದ ಅಗತ್ಯವಿದೆ.

ಇಲ್ಲಿ ಒಂದು ಸಂಗತಿಯನ್ನು ನೆನಪಿನಲ್ಲಿಡಬೇಕು. ಪಂಜೆಯವರ ಮನೆಮಾತು ಕೊಂಕಣಿ. ಅವರು ಕೆಲಸ ಮಾಡಿದ ದಕ್ಷಿಣ ಕನ್ನಡದ ಶಾಲೆಗಳಲ್ಲಿ ಕುಳಿತ ಮಕ್ಕಳಲ್ಲಿ ಬಹುಮಂದಿ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನಾಡುವವರು. ಅಂದರೆ ಅದು ಕನ್ನಡವು ಎರಡನೆಯ ಭಾಷೆಯಾಗಿದ್ದ ತರಗತಿ. ಕೂಲಿಮಠದ ಅಯ್ಯನವರು ಕಿವಿಯನ್ನು ನಂಬಿದಂತೆ ಇಲ್ಲಿ ನಂಬುವುದು ಸಾಧ್ಯವಿರಲಿಲ್ಲ. ಕಿವಿಯನ್ನು ಮೊದಲು ಕಟ್ಟಬೇಕಾಗಿತ್ತು. ಕಟ್ಟಲು ಕಥೆ ಬೇಕಾಗಿತ್ತು.

'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಅವರ ಕಥೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಬ್ಬರ ತಪ್ಪನ್ನು ಇನ್ನೊಬ್ಬರ ಮೇಲೆ ಹೊರಿಸುತ್ತ ಪ್ರಶ್ನೆಯ ಸರಪಳಿಯಾಗಿ ಸಾಗುವ ಜನಪದ ಮಾದರಿಯದು. ತೆಲುಗರಲ್ಲಿ ಮನೆಮಾತಾಗಿರುವ 'ಏಡು ಚೇಪಲ ಕಥ' ಇದೇ ಕುಲಕ್ಕೆ ಸೇರಿದ್ದು; ಹೈದರಾಬಾದಿನ ಓದುಗರಿಗೆ ಅದು ಅಪರಿಚಿತವಲ್ಲ. ಅಲ್ಲಿ ಮೀನು 'ಎಂಡಲೇದು', ಇಲ್ಲಿ ಸಿಗಡಿ 'ಒಣಗಲಿಲ್ಲ'. ಒಂದೇ ಕಥೆ, ಒಂದೇ ನಿಷೇಧ. ತೆಲುಗಿನಲ್ಲಿ ಒತ್ತಕ್ಷರವಿಲ್ಲ, ಕನ್ನಡದಲ್ಲಿ ಇದೆ. ಸರಪಳಿಯ ಕಥೆಯಲ್ಲಿ ಪ್ರಶ್ನೆ ಮರುಕಳಿಸುವಾಗಲೆಲ್ಲ ನಿಷೇಧವೂ ಮರುಕಳಿಸುತ್ತದೆ. ನಿಷೇಧದೊಡನೆ 'ಲ್ಲ' ಎಂಬ ಒತ್ತೂ ಮರುಕಳಿಸುತ್ತದೆ. ಮುಂದೇನಾಯಿತೆಂಬ ಕುತೂಹಲದಲ್ಲಿರುವ ಮಗು ಅದೇ ಒತ್ತನ್ನು ಹತ್ತಾರು ಸಲ ಕೇಳಿ, ಹೇಳಿ, ಕೊನೆಗೆ ಪುಟದಲ್ಲಿ ಕಂಡಾಗ ಅದು ಹೊಸದಾಗಿರುವುದಿಲ್ಲ. ಕೋಷ್ಟಕದ ಪುನರಾವೃತ್ತಿಯೂ ಪುನರಾವೃತ್ತಿಯೇ. ಆದರೆ ಅಲ್ಲಿ ಮಗುವಿಗೆ ಮುಂದಕ್ಕೆ ಹೋಗುವ ಕಾರಣವಿಲ್ಲ, ಇಲ್ಲಿದೆ.

'ಗುಡುಗುಡು ಗುಮ್ಮಟ ದೇವರು', 'ಮೆಣಸಿನ ಕಾಳಪ್ಪ', 'ಹೇನು ಸತ್ತು ಕಾಗೆ ಬಡವಾಯಿತು' ಎಂಬ ಶೀರ್ಷಿಕೆಗಳನ್ನು ಸಾಲಾಗಿಟ್ಟು ನೋಡಿದರೆ ಒಂದೊಂದರಲ್ಲಿ ಒಂದೊಂದು ಸಜಾತೀಯವಿದೆ, ವಿಜಾತೀಯವಿಲ್ಲ. ಪಂಜೆಯವರು ಒತ್ತಕ್ಷರಗಳನ್ನು ಎಣಿಸಿ ಬರೆದರೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಮಗುವಿಗೆ ಕೇಳಿಸುವ ಕನ್ನಡವನ್ನು ಬರೆದರೆ ಸಜಾತೀಯಗಳು ತಾವಾಗಿಯೇ ಬರುತ್ತವೆ, ವಿಜಾತೀಯಗಳು ತಾವಾಗಿಯೇ ಹಿಂದೆ ಸರಿಯುತ್ತವೆ ಎಂಬುದಷ್ಟೇ ಇದರ ತಾತ್ಪರ್ಯ. ೧೯೯೫ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ 'ನಲಿಕಲಿ' ಪ್ರಯೋಗವೂ ವರ್ಣಮಾಲೆಯ ಸಾಂಪ್ರದಾಯಿಕ ಅನುಕ್ರಮವನ್ನು ಬಿಟ್ಟು ಹಾಡು, ಕಥೆಗಳನ್ನು ಅಕ್ಷರದೊಡನೆ ಹೆಣೆಯಿತು. ಈ ಹೆಣಿಗೆಯ ಒಂದು ಎಳೆ ಪಂಜೆಯವರ ಕಾಲಕ್ಕೆ ತಲುಪುತ್ತದೆ.

೬

ಹೊರನಾಡಿನ ಕನ್ನಡದ ಮಗುವಿನ ಸ್ಥಿತಿಯು ಬಳ್ಳಾರಿಯ ಕೂಲಿಮಠದ ಮಗುವಿನದಕ್ಕಿಂತ ಪಂಜೆಯವರ ತರಗತಿಯ ಮಗುವಿನದಕ್ಕೆ ಹತ್ತಿರವಾದುದು. ಜೊತೆಗೆ ಇನ್ನೊಂದು ತೊಡಕಿದೆ: ಅದು ಕನ್ನಡಕ್ಕೆ ಬರುವಾಗ ಬೇರೊಂದು ಭಾರತೀಯ ಲಿಪಿಯನ್ನು ಕಲಿತೇ ಬಂದಿರುತ್ತದೆ.

ಆ ಲಿಪಿ ಯಾವುದೆಂಬುದರ ಮೇಲೆ ಎಡವುವ ಜಾಗವೂ ಬದಲಾಗುತ್ತದೆ. ದೆಹಲಿ, ಮುಂಬಯಿ, ಪುಣೆಗಳ ಮಗು ದೇವನಾಗರಿಯಲ್ಲಿ ಮೊದಲ ವ್ಯಂಜನವನ್ನು ಅರ್ಧ ಮಾಡಿ ಎರಡನೆಯದನ್ನು ಪೂರ್ಣ ಬರೆಯುವುದಕ್ಕೆ ಒಗ್ಗಿರುತ್ತದೆ. ಕನ್ನಡದಲ್ಲಿ ಮೊದಲನೆಯದು ಪೂರ್ಣವಾಗಿ ನಿಂತು ಎರಡನೆಯದು ಕೆಳಗೆ ಕುಗ್ಗುವುದು ಅದಕ್ಕೆ ತಿರುಗುಮುರುಗು. ಆದರೆ 'ಸೂರ್ಯ'ದ ಅರ್ಕಾವತ್ತು ಅದಕ್ಕೆ ಕಷ್ಟವಲ್ಲ. ನಾಗರಿಯ ರೇಫವೂ ಮುಂದಿನ ಅಕ್ಷರವನ್ನು ದಾಟಿಯೇ ಕೂರುತ್ತದೆ. ಹೈದರಾಬಾದಿನ ಮಗುವಿಗೆ ಒತ್ತುಗಳೆಲ್ಲ ನೆಂಟರೇ. ಆದರೆ ಇಂದಿನ ತೆಲುಗು ಬರಹದಲ್ಲಿ ರಕಾರವೇ ಮೇಲೆ ನಿಂತು ಮುಂದಿನ ವ್ಯಂಜನ ಒತ್ತಾಗುವುದರಿಂದ ನಮ್ಮ ಅರ್ಕಾವತ್ತಿನಲ್ಲಿ ಅದು ಎಡವುತ್ತದೆ. ಚೆನ್ನೈನ ಮಗುವಿಗೆ ಪುಳ್ಳಿಯ ಅಭ್ಯಾಸ. 'ಅಮ್‌ಮ' ಎಂದು ಬಿಡಿಸಿ ಬರೆಯುವುದು ಅದಕ್ಕೆ ಸಹಜ, ಮೇಲೆ ಕೆಳಗೆ ನೋಡುವುದು ಅಸಹಜ.

ಎಲ್ಲರಿಗೂ ಸಮಾನವಾದ ಒಂದು ಕಷ್ಟವಿದೆ. 'ಶಕ್ತಿ' ಎಂಬಲ್ಲಿ ಇಕಾರವು ತಕಾರದ ಅನಂತರ ಉಚ್ಚಾರವಾದರೂ ಬರಹದಲ್ಲಿ ಮೇಲಿನ ಕಕಾರಕ್ಕೆ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಂಡಂತೆ ಓದುವ ಮಗು 'ಶಕಿತ' ಎನ್ನುತ್ತದೆ. 'ಅಕ್ಕಿ'ಯಲ್ಲಿ ಈ ತೊಡಕಿಲ್ಲ. ಮೇಲಿನದೂ ಕೆಳಗಿನದೂ ಒಂದೇ ವ್ಯಂಜನವಾದುದರಿಂದ ಸ್ವರವು ಯಾವುದಕ್ಕೆ ಅಂಟಿದರೂ ಓದು ಕೆಡದು. ಇನ್ನು ತ, ನ, ಮ, ಯ, ರ, ಲ ಎಂಬ ಆರು ವ್ಯಂಜನಗಳ ಒತ್ತುಗಳು ಮೂಲರೂಪವನ್ನು ಹೋಲುವುದಿಲ್ಲ. ಕಣ್ಣಿಗೆ ಕಠಿಣವಾದ ಈ ಆರರಲ್ಲಿ ಐದು ಅತ್ತೆ, ಅನ್ನ, ಅಮ್ಮ, ಅಯ್ಯ, ಇಲ್ಲ ಎಂಬ ಪದಗಳಲ್ಲಿವೆ. ಮನೆಯ ಕನ್ನಡದಲ್ಲಿ ಇವುಗಳಿಗಿಂತ ಬಳಕೆಯ ಪದಗಳಿಲ್ಲ. ಭಾಷಾಚರಿತ್ರೆ ಸೂಚಿಸುವ ಕ್ರಮವನ್ನೇ ಲಿಪಿಯ ರಚನೆಯೂ ಸಮರ್ಥಿಸುತ್ತದೆ.

ಇದನ್ನು ನಾನು ಕಲಿತದ್ದು ಗ್ರಂಥಗಳಿಂದ ಮಾತ್ರವಲ್ಲ. ಕೆಲವು ವರ್ಷಗಳ ಹಿಂದೆ ದೆಹಲಿಯಲ್ಲಿ ಕನ್ನಡಿಗರ ಮಕ್ಕಳಿಗೆ ಭಾನುವಾರಗಳಂದು ಪಾಠ ಹೇಳುವ ಅವಕಾಶ ಒದಗಿತ್ತು. ಮಧ್ಯಕಾಲೀನ ಕಾವ್ಯವನ್ನು ಕಲಿಸಿ ಅಭ್ಯಾಸವಿದ್ದ ನಾನು ಮೊದಲ ವಾರವೇ ಒತ್ತಕ್ಷರದ ಕೋಷ್ಟಕವನ್ನು ಹಲಗೆಯ ತುಂಬ ಬರೆದು ತಿದ್ದಿಸಿದೆ. ಮುಂದಿನ ವಾರ ಎಂಟು ವರ್ಷದ ಹುಡುಗಿಯೊಬ್ಬಳು ತಾನೇ ರಚಿಸಿದ ವಾಕ್ಯವನ್ನು ತಂದು ತೋರಿಸಿದಳು: 'ಅಜಿ ನನಗೆ ಕತ್ತೆ ಹೇಳಿದಳು.' ಒತ್ತು ಬೇಕಾದಲ್ಲಿ ಇರಲಿಲ್ಲ, ಬೇಡದಲ್ಲಿ ಬಿದ್ದಿತ್ತು. ಎರಡು ಒತ್ತುಗಳ ಆಕಾರವನ್ನೂ ಅವಳು ಕೋಷ್ಟಕದಲ್ಲಿ ತಪ್ಪಿಲ್ಲದೆ ಬರೆಯಬಲ್ಲವಳಾಗಿದ್ದಳು. ಪಕ್ಕದಲ್ಲಿದ್ದವರು ನಕ್ಕರು; ಹುಡುಗಿ ಪುಸ್ತಕವನ್ನು ಮುಚ್ಚಿಕೊಂಡಳು. ತಪ್ಪು ನನ್ನದೆಂದು ಆಗ ತಿಳಿಯಿತು. ಅವಳ ಕೈಗೆ ಒತ್ತಕ್ಷರವನ್ನು ಕೊಟ್ಟಿದ್ದೆ, ಕಿವಿಗೆ ಕೊಟ್ಟಿರಲಿಲ್ಲ. ಅಂದಿನಿಂದ ಹಲಗೆಗೆ ಹೋಗುವ ಮೊದಲು ಕಥೆಯನ್ನು ಹೇಳುವುದು, ಕಥೆಯಲ್ಲಿ ಮರುಕಳಿಸುವ ಪದವನ್ನು ಮಕ್ಕಳಿಂದಲೇ ಹೇಳಿಸುವುದು, ಆಮೇಲೆ ಆ ಒಂದು ಪದವನ್ನು ಮಾತ್ರ ಬರೆಸುವುದು ಎಂಬ ಕ್ರಮವನ್ನು ಅನುಸರಿಸಿದೆ. ಕತ್ತೆಯ ಕತೆಯೊಂದನ್ನೇ ಅದಕ್ಕೆ ಆರಿಸಿಕೊಂಡೆ. ಎರಡೂ ಪದಗಳು ಒಂದೇ ಉಸಿರಿನಲ್ಲಿ ಬಂದಾಗ ಕಿವಿಯೇ ಅಂತರವನ್ನು ಹಿಡಿಯಿತು.

ಒತ್ತಕ್ಷರದ ಕಥಾಪಾಠಗಳನ್ನು ಹೊರನಾಡಿಗಾಗಿ ರಚಿಸುವವರು ಈ ಕೆಳಗಿನ ಅನುಕ್ರಮವನ್ನು ಪರಿಶೀಲಿಸಬಹುದು. ಮೊದಲನೆಯದಾಗಿ, ಬಂಧುಗಳೂ ಪ್ರಾಣಿಗಳೂ ಪಾತ್ರಗಳಾದ ಸಜಾತೀಯದ ಕಥೆಗಳು. ಎರಡನೆಯದಾಗಿ, 'ಲಿಲ್ಲ', 'ಉತ್ತ', 'ಅಲ್ಲಿ' ಎಂಬ ಪ್ರತ್ಯಯಗಳು ಮರುಕಳಿಸುವ ಸರಪಳಿಯ ಕಥೆಗಳು. ಮೂರನೆಯದಾಗಿ, ಆಯಾ ನಗರದ ಲಿಪಿಯನ್ನು ಗಮನದಲ್ಲಿಟ್ಟು ಅರ್ಕಾವತ್ತು. ಕೊನೆಯದಾಗಿ, ತತ್ಸಮ ತದ್ಭವಗಳ ಜೋಡಿಗಳ ಮೂಲಕ ವಿಜಾತೀಯ: ಸಿರಿಯನ್ನು ಬಲ್ಲ ಮಗುವಿಗೆ ಶ್ರೀ, ವರುಷವನ್ನು ಬಲ್ಲ ಮಗುವಿಗೆ ವರ್ಷ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಹಿಂದುಮುಂದಾಗಿ ಓದಿದರೆ ಅದೇ ಒಂದು ಬಾಲಬೋಧೆಯಾಗುತ್ತದೆ.

ಈ ದಿಕ್ಕಿನಲ್ಲಿ ಸಂಶೋಧಕರಿಗೆ ಕೆಲಸವಿದೆ. ಮುಂಬಯಿಯಲ್ಲಿ ಹೋಟೆಲು ಕಾರ್ಮಿಕರಿಗಾಗಿ ನಡೆದ ಕನ್ನಡ ರಾತ್ರಿಶಾಲೆಗಳಲ್ಲಿ ಹಗಲೆಲ್ಲ ದುಡಿದು ಬಂದ ಹುಡುಗರು ಯಾವ ಪುಸ್ತಕದಿಂದ ಒತ್ತಕ್ಷರವನ್ನು ಕಲಿತರು, ಯಾವ ಕಥೆಯನ್ನು ಮೊದಲು ಓದಿದರು ಎಂಬುದನ್ನು ಹೇಳಬಲ್ಲ ಹಿರಿಯರು ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರ ನೆನಪುಗಳನ್ನೂ, ಮನೆಗಳ ಅಟ್ಟದಲ್ಲಿ ಉಳಿದಿರಬಹುದಾದ ಹರಿದ ಬಾಲಬೋಧೆಗಳನ್ನೂ ಸಂಗ್ರಹಿಸಬೇಕಾದವರು ಆಯಾ ನಗರದಲ್ಲಿರುವ ನಾವೇ. ಕನ್ನಡವನ್ನು ಮನೆಯಲ್ಲಿ ಕೇಳುವ ಮಕ್ಕಳು ಹೊರನಾಡಿನಲ್ಲಿ ವಿರಳವಾಗುತ್ತಿರುವ ಈ ಹೊತ್ತಿನಲ್ಲಿ 'ಒಬ್ಬ ರಾಜನಿದ್ದನು' ಎಂಬ ವಾಕ್ಯವನ್ನು ಮಗುವಿನ ಕಣ್ಣಿಗೆ ತೋರಿಸುವ ಮೊದಲು ಕಿವಿಗೆ ತಲುಪಿಸುವ ಹೊಣೆಯೂ ನಮ್ಮದೇ ಆಗಿದೆ.